ದಫ್ತರದೊಳಗಿನ ಮುತ್ತಜ್ಜ

ಸುಗ್ಗಿ ಮುಗಿದು ಕಣದ ಕೆಲಸ ತೀರುತ್ತಿದ್ದಂತೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುವುದು ಹಳೆಯ ರೂಢಿ. ಎತ್ತಿನ ಮೇಲೆ ಕುಳಿತು ಬಂದು ಮನೆಯ ಮುಂದೆ ನಿಂತ ಹೆಳವ, ಆ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಬಂದ, ಅವನ ಮಕ್ಕಳೆಷ್ಟು, ಯಾರ ಕವಲು ಎಲ್ಲಿಗೆ ಹೋಯಿತು ಎಂಬುದನ್ನೆಲ್ಲ ರಾಗವಾಗಿ ಒಪ್ಪಿಸುತ್ತಾನೆ. ಕಳೆದ ಬಾರಿ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಕೇಳಿ ಸೇರಿಸಿಕೊಳ್ಳುತ್ತಾನೆ. ಅದಕ್ಕೆ ಪ್ರತಿಯಾಗಿ ಕಾಳು, ಬಟ್ಟೆ, ಅನುಕೂಲಸ್ಥರ ಮನೆಯಾದರೆ ಕರುವೋ ಕುರಿಯೋ ದೊರೆಯುತ್ತದೆ. ಒಂದೊಂದು ಹೆಳವರ ಮನೆತನಕ್ಕೂ ಇಂತಿಷ್ಟು ಊರು, ಇಂತಿಂಥ ಮನೆ ಎಂಬ ಹಂಚಿಕೆಯುಂಟು. ದೂರದ ಹರಿದ್ವಾರ, ಗಯೆಗಳಲ್ಲಿ ಇದೇ ಕೆಲಸವನ್ನು ಪಂಡರು ಉದ್ದನೆಯ ವಹಿಗಳಲ್ಲಿ ಬರೆದು ಮಾಡುತ್ತ ಬಂದಿದ್ದಾರೆ. ಪಿತೃಕಾರ್ಯಕ್ಕೆ ಹೋದವರು ತಮ್ಮ ಅಜ್ಜನ ಸಹಿಯನ್ನು ಅಲ್ಲಿ ಕಂಡು ಬೆರಗಾಗಿ ಬಂದ ಕತೆಗಳು ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ.

ಇವೆರಡಲ್ಲದೆ ಮನೆತನದ ನೆನಪು ಉಳಿದಿರುವ ಮೂರನೆಯ ಜಾಗವೊಂದಿದೆ. ಅದು ಸರ್ಕಾರದ ದಫ್ತರ. ತಾಲ್ಲೂಕು ಕಚೇರಿಯ ರೆಕಾರ್ಡು ಕೋಣೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಕಪಾಟು, ಬೆಂಗಳೂರಿನ ರಾಜ್ಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರ ಎಲ್ಲವೂ ಇದರಲ್ಲಿ ಸೇರುತ್ತವೆ. ಇಲ್ಲಿಗೆ ವಂಶದ ಬೇರು ಹುಡುಕಿಕೊಂಡು ಮೊದಲ ಸಲ ಹೋಗುವವರಿಗೆ ಸಾಮಾನ್ಯವಾಗಿ ಒಂದು ಭ್ರಮೆ ಇರುತ್ತದೆ. ತಮ್ಮ ಮನೆತನದ ಹೆಸರು ಹೇಳಿದರೆ ಗುಮಾಸ್ತರು ಒಂದು ಕಡತ ತೆಗೆದುಕೊಡುತ್ತಾರೆ ಎಂಬುದೇ ಆ ಭ್ರಮೆ. ಹಾಗೆ ಮನೆತನದ ಹೆಸರಿನ ಕಡತ ಎಲ್ಲಿಯೂ ಇಲ್ಲ. ನೂರೈವತ್ತು ವರ್ಷಗಳ ಹಿಂದೆ ಬರೆಯಲು ಕುಳಿತ ಶಾನುಭೋಗನಾಗಲಿ ಅಮಲ್ದಾರನಾಗಲಿ ಮುಂದಿನವರಿಗೆ ವಂಶಾವಳಿ ಉಳಿಯಲೆಂದು ಬರೆದವನಲ್ಲ. ಕಂದಾಯ ಎಷ್ಟು ಬರಬೇಕು, ಯಾರಿಂದ ಬರಬೇಕು, ಯಾರಿಗೆ ಮಾಫಿ ಕೊಟ್ಟಿದೆ ಎಂಬುದಷ್ಟೇ ಅವನ ಚಿಂತೆ. ಆದ್ದರಿಂದ ದಫ್ತರದ ಮುಂದೆ ಕೇಳಬೇಕಾದ ಪ್ರಶ್ನೆ ‘ನಮ್ಮ ಮುತ್ತಜ್ಜ ಯಾರು’ ಎಂಬುದಲ್ಲ, ‘ಅಂದಿನ ಸರ್ಕಾರಕ್ಕೆ ನಮ್ಮ ಮುತ್ತಜ್ಜನ ಹತ್ತಿರ ಏನು ಕೆಲಸವಿತ್ತು’ ಎಂಬುದು. ಕೆಲಸವಿದ್ದರೆ ಅವನ ಹೆಸರಿದೆ. ಇಲ್ಲದಿದ್ದರೆ ಬಹುತೇಕ ಇಲ್ಲ.

ಅಂದು ಊರು ಯಾರದಾಗಿತ್ತು?

ಹುಡುಕಾಟ ಮೊದಲಿಗೆ ಮುಗ್ಗರಿಸುವುದು ಭೂಗೋಳದಲ್ಲಿ. ಇಂದಿನ ಕರ್ನಾಟಕ ರೂಪುಗೊಂಡದ್ದು 1956ರ ನವೆಂಬರ್ 1ರಂದು. ಅದಕ್ಕೆ ಮೊದಲು ಕನ್ನಡದ ಊರುಗಳು ಹಲವು ಸರ್ಕಾರಗಳ ಕೆಳಗೆ ಹರಿದು ಹಂಚಿಹೋಗಿದ್ದವು. ಆಯಾ ಸರ್ಕಾರದ ಕಾಗದ ಆಯಾ ರಾಜಧಾನಿಯಲ್ಲೇ ಉಳಿಯಿತು. ಹೀಗಾಗಿ ಧಾರವಾಡ, ಬೆಳಗಾವಿ, ವಿಜಯಪುರದ ಮನೆತನವೊಂದರ ಹಳೆಯ ಮೇಲ್ಮಟ್ಟದ ದಾಖಲೆಗಳನ್ನು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದಲ್ಲಿ ಹುಡುಕಬೇಕು. ಪೇಶ್ವೆಯರ ಕಾಲದ ಲೆಕ್ಕಗಳಾದರೆ ಪುಣೆಯ ಪೇಶ್ವೆ ದಫ್ತರ. ಮಂಗಳೂರು, ಉಡುಪಿ, ಬಳ್ಳಾರಿ ಕಡೆಯವರು ಚೆನ್ನೈನ ಎಗ್ಮೋರಿಗೆ ಹೋಗಬೇಕು. ಬಳ್ಳಾರಿ ಮೈಸೂರಿಗೆ ಸೇರಿದ್ದೇ 1953ರಲ್ಲಿ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಕಲಬುರ್ಗಿ, ಬೀದರ್, ರಾಯಚೂರಿನ ಕಾಗದ ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರದಲ್ಲಿದೆ.

ಉತ್ತರ ಕನ್ನಡದ್ದು ಇನ್ನೂ ಒಂದು ತೊಡಕು. ಅದು 1862ರವರೆಗೆ ಮದ್ರಾಸ್ ಪ್ರಾಂತದಲ್ಲಿದ್ದು, ಆಮೇಲೆ ಮುಂಬಯಿಗೆ ಹೋಯಿತು. ಶಿರಸಿಯ ಒಂದು ಮನೆಯ 1850ರ ಕಾಗದಕ್ಕೆ ಒಂದು ದಿಕ್ಕು, 1870ರ ಕಾಗದಕ್ಕೆ ಇನ್ನೊಂದು ದಿಕ್ಕು ಎಂದಾಯಿತು. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರುಗಳಂಥ ಸಂಸ್ಥಾನಗಳಿಗೆ ತಮ್ಮದೇ ದಫ್ತರಗಳಿದ್ದವು.

ಹಳೆಯ ಮೈಸೂರಿನವರು ಈ ಮಟ್ಟಿಗೆ ಅದೃಷ್ಟವಂತರು. 1831ರಲ್ಲಿ ಆಡಳಿತವನ್ನು ಕೈಗೆ ತೆಗೆದುಕೊಂಡ ಬ್ರಿಟಿಷರು ಬೆಂಗಳೂರಿನಲ್ಲಿ ಕುಳಿತು ಕಮಿಷನರುಗಳ ಮೂಲಕ 1881ರವರೆಗೆ ರಾಜ್ಯವಾಳಿದರು. ಆ ಅರ್ಧ ಶತಮಾನದ ಪತ್ರವ್ಯವಹಾರ, ಆಮೇಲೆ ಮತ್ತೆ ಒಡೆಯರ ಕೈಗೆ ಬಂದ ಸರ್ಕಾರದ ಸಚಿವಾಲಯದ ಕಡತಗಳು ಅಠಾರಾ ಕಚೇರಿಯಲ್ಲಿದ್ದು, ಈಗ ರಾಜ್ಯ ಪತ್ರಾಗಾರದ ವಶದಲ್ಲಿವೆ. ಅರಮನೆಯ ಕಡತಗಳಿಗೆ ಮೈಸೂರಿನ ವಿಭಾಗೀಯ ಪತ್ರಾಗಾರ ಕಚೇರಿ ಇದೆ. ಅರಮನೆಯಲ್ಲಿ ವೀಣೆ ನುಡಿಸಿದವರು, ನಾಟಕ ಆಡಿದವರು, ಊಳಿಗ ಮಾಡಿದವರ ಸಂಬಳ, ರಜೆ, ಬಡ್ತಿಯ ಅರ್ಜಿಗಳೆಲ್ಲ ಅಲ್ಲಿ ಕಾಣಸಿಗುತ್ತವೆ. ಸಂಬಳ ಸಾಲದೆಂದು ಬರೆದುಕೊಂಡ ಅರ್ಜಿಯಲ್ಲಿ ಮನೆಯಲ್ಲಿ ಎಷ್ಟು ಜನ ಉಣ್ಣುವವರಿದ್ದಾರೆ ಎಂಬ ವಿವರ ತಾನಾಗಿಯೇ ಬಂದುಬಿಡುತ್ತದೆ.

ಪಹಣಿಯಿಂದ ಹಿಂದಕ್ಕೆ

ದೊಡ್ಡ ಪತ್ರಾಗಾರಗಳ ಹೆಸರು ಕೇಳಿ ಹೆದರಬೇಕಾಗಿಲ್ಲ. ಒಂದಿಷ್ಟು ಜಮೀನು ಹೊಂದಿದ್ದ ಕುಟುಂಬಕ್ಕೆ ನಿಜವಾದ ಖಜಾನೆ ಇರುವುದು ತಾಲ್ಲೂಕು ಕಚೇರಿಯಲ್ಲಿ. ಅಲ್ಲಿ ಇಂದಿನಿಂದ ಹಿಂದಕ್ಕೆ ನಡೆಯುತ್ತ ಹೋಗಬೇಕು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅದಕ್ಕೂ ಹಿಂದಿನದು ಕೈಬರಹದ ಪಹಣಿ. ಅದರ ಹಿಂದೆ ಹಕ್ಕು ಬದಲಾವಣೆಯ ಮ್ಯುಟೇಷನ್ ವಹಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್. ಇವುಗಳ ತಳದಲ್ಲಿ ಸರ್ವೆ ಇಲಾಖೆಯ ಮೂಲ ಕಾಗದ.

ಮೈಸೂರು ಸೀಮೆಯಲ್ಲಿ ಕ್ರಮಬದ್ಧವಾದ ಭೂಮಾಪನ ಆರಂಭವಾದದ್ದು 1863ರಲ್ಲಿ, ಮುಂಬಯಿ ಪ್ರಾಂತದ ಮಾದರಿಯಲ್ಲಿ. ಹೊಲ ಹೊಲಕ್ಕೂ ಒಂದು ಸರ್ವೆ ನಂಬರು ಬಿತ್ತು. ಮೋಜಣಿದಾರರು 33 ಅಡಿಯ ಸರಪಳಿ ಹಿಡಿದು, ಅದನ್ನು 16 ಆಣೆಗಳಾಗಿ ಭಾಗಿಸಿ, ಅಳತೆಗಳನ್ನು ಟಿಪ್ಪಣಿ ಎಂಬ ಹಾಳೆಯಲ್ಲಿ ಗುರುತಿಸಿದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಇಂದಿಗೂ ನಾವು ಹೇಳುವ ಒಂದು ಗುಂಟೆ. ಟಿಪ್ಪಣಿಯ ಜತೆಗಿನ ವಹಿಗಳಲ್ಲಿ ಆ ಹೊಲ ಆಗ ಯಾರ ಸಾಗುವಳಿಯಲ್ಲಿತ್ತು ಎಂಬುದೂ ಸಿಗುವುದುಂಟು. ಸರ್ವೆ ನಂಬರು ಒಮ್ಮೆ ಕೈಗೆ ಸಿಕ್ಕಿತೆಂದರೆ ಹುಡುಕುವವನಿಗೆ ಊರುಗೋಲು ಸಿಕ್ಕಂತೆ. ಏಕೆಂದರೆ ಮನುಷ್ಯರ ಹೆಸರು ಬದಲಾಗುತ್ತದೆ, ಊರ ಹೆಸರಿನ ಕಾಗುಣಿತ ಬದಲಾಗುತ್ತದೆ, ಸರ್ವೆ ನಂಬರು ಮಾತ್ರ ಹೊಲ ಪೋಡಿಯಾದಾಗಲೂ 42/1, 42/2 ಎಂದು ತನ್ನ ತಲೆಯನ್ನು ಉಳಿಸಿಕೊಳ್ಳುತ್ತದೆ.

ಇದೇ ಕಚೇರಿಯ ಕಟ್ಟುಗಳಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಸಂಪತ್ತು ಇದೆ. ಯಜಮಾನ ತೀರಿಕೊಂಡ ಮೇಲೆ ಮಕ್ಕಳ ಹೆಸರಿಗೆ ಖಾತೆ ಮಾಡುವುದನ್ನು ಪೌತಿ ಖಾತೆ ಎನ್ನುತ್ತಾರೆ. ಅದಕ್ಕೆ ಅರ್ಜಿಯ ಜತೆ ವಂಶವೃಕ್ಷ ಇಡಲೇಬೇಕು. ಸತ್ತವರು ಯಾರು, ಬದುಕಿರುವವರು ಯಾರು, ಯಾರಿಗೆ ಎಷ್ಟು ಮಕ್ಕಳು ಎಂದು ಬರೆದು, ಗ್ರಾಮದ ಅಧಿಕಾರಿ ಪರಿಶೀಲಿಸಿದ ಹಾಳೆ ಅದು. ಹೆಳವ ಬಾಯಲ್ಲಿ ಹೇಳುವುದನ್ನು ಕಂದಾಯ ಇಲಾಖೆ ಹೀಗೆ ಕಾಗದದ ಮೇಲೆ ಬರೆಸಿಕೊಳ್ಳುತ್ತ ಬಂದಿದೆ. ಖಾತೆ ಬದಲಾದ ಕೂಡಲೇ ಅದರ ಕೆಲಸ ಮುಗಿಯಿತೆಂದು ಕಟ್ಟು ಅಟ್ಟ ಸೇರುತ್ತದೆ. ಗೆದ್ದಲು, ಮಳೆಯ ಸೋರಿಕೆಗಳಿಂದ ಉಳಿದದ್ದು ಉಳಿದಷ್ಟೇ.

ಸರ್ವೆಗಿಂತಲೂ ಹಿಂದಕ್ಕೆ ಹೋಗಬೇಕಾದರೆ ಶಾನುಭೋಗರ ಕಾಗದ ಬೇಕು. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳನ್ನು ರದ್ದುಪಡಿಸಿದ್ದು 1961ರ ಕಾಯ್ದೆ. ಜಾರಿಗೆ ಬಂದದ್ದು 1963ರಲ್ಲಿ. ಅಲ್ಲಿಯವರೆಗೆ ಊರಿನ ಲೆಕ್ಕವೆಂದರೆ ಶಾನುಭೋಗರ ಮನೆಯ ಪೆಟ್ಟಿಗೆ. ಅಧಿಕಾರ ಹೋದಾಗ ಸರ್ಕಾರಕ್ಕೆ ಒಪ್ಪಿಸಿದ ಕಾಗದ ಕೆಲವು, ಮನೆಯಲ್ಲೇ ಉಳಿದದ್ದು ಹಲವು. ಅವುಗಳ ಪೈಕಿ ಹಳೆಯದು ಕಡತ. ಇಂದು ನಾವು ಯಾವುದೇ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಅದು ಹುಣಿಸೆಬೀಜದ ಸರಿ ಮತ್ತು ಇದ್ದಿಲು ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಮಿತವ್ಯಯಕ್ಕೆ ಅನುಕೂಲ, ಇತಿಹಾಸಕ್ಕೆ ಕಂಟಕ.

ಜಗಳದಿಂದಾದ ಲಾಭ

ಕಂದಾಯ ಕಟ್ಟಿಕೊಂಡು ಸುಮ್ಮನಿದ್ದ ರೈತನ ಬಗ್ಗೆ ಸರ್ಕಾರ ಒಂದು ಸಾಲು ಬರೆಯಿತು. ಕಂದಾಯ ಕೊಡುವುದಿಲ್ಲ, ನನಗೆ ಇನಾಮಿದೆ ಎಂದವನ ಬಗ್ಗೆ ಪುಟಗಟ್ಟಲೆ ಬರೆಯಿತು. ಕಂಪನಿ ಸರ್ಕಾರಕ್ಕೆ ಇನಾಮು ಭೂಮಿ ಎಂದರೆ ಕೈತಪ್ಪಿದ ವರಮಾನ. ಆದ್ದರಿಂದ ಮುಂಬಯಿ ಪ್ರಾಂತದಲ್ಲಿ 1852ರ ಕಾಯ್ದೆಯ ಬಲದಿಂದ ಇನಾಂ ಕಮಿಷನ್ ಊರೂರು ಶೋಧಿಸತೊಡಗಿತು. ಇನಾಮು ಕೊಟ್ಟವರು ಯಾರು, ಸನದು ಎಲ್ಲಿದೆ, ಮೊದಲು ಪಡೆದವನಿಂದ ಈಗಿನ ಅನುಭೋಗದಾರನವರೆಗೆ ತಲೆಮಾರು ಹೇಗೆ ಇಳಿದುಬಂದಿದೆ ಎಂಬುದನ್ನು ಹಕ್ಕುದಾರರು ಕೈಫಿಯತ್ತು ಬರೆದು ತೋರಿಸಬೇಕಾಯಿತು. ದತ್ತು ತೆಗೆದುಕೊಂಡಿದ್ದರೆ ಅದಕ್ಕೆ ಬೇರೆ ವಿಚಾರಣೆ. ದಕ್ಷಿಣ ಮರಾಠಾ ಸೀಮೆಯ ಎಷ್ಟೋ ಮನೆಗಳಿಗೆ ಈ ಶೋಧನೆ ಸಂಕಟ ತಂದಿತು, ಸರ್ಕಾರದ ಮೇಲೆ ದ್ವೇಷವನ್ನೂ ಬೆಳೆಸಿತು. ಇಂದು ಅದೇ ಮನೆಗಳವರು ಐದಾರು ತಲೆಮಾರಿನ ಹೆಸರು ಸಿಕ್ಕಿತೆಂದು ಸಂತೋಷಪಡುವುದು ಆ ಸಂಕಟದ ಕಾಗದಗಳಿಂದ.

ಮೈಸೂರಿನಲ್ಲಿಯೂ 1860ರ ದಶಕದಲ್ಲಿ ಇನಾಮುಗಳ ತನಿಖೆ ನಡೆಯಿತು. ಬಹಳ ಕಾಲದ ಮೇಲೆ, 1954 ಮತ್ತು 1955ರ ಕಾಯ್ದೆಗಳು ಇನಾಮುಗಳನ್ನೇ ರದ್ದು ಮಾಡಿದಾಗ ಮತ್ತೊಮ್ಮೆ ಅರ್ಜಿ, ಹೇಳಿಕೆ, ಸಾಕ್ಷಿಗಳ ರಾಶಿ ಬಿತ್ತು. ಗೌಡಿಕೆ, ಕುಲಕರ್ಣಿಕೆಗಳ ವತನಿಗೆ ಮುಂಬಯಿ ಪ್ರಾಂತದಲ್ಲಿ 1874ರ ಕಾಯ್ದೆಯಿತ್ತು. ವತನಿನ ಪಾಲುದಾರರು ಯಾರು ಯಾರು ಎಂಬ ಲೆಕ್ಕ ಅದರಿಂದಾಗಿ ಕಾಗದಕ್ಕೆ ಬಂತು.

ನ್ಯಾಯಾಲಯದ ಕಾಗದವೂ ಇದೇ ಜಾತಿಯದು. ಪಾಲು ವಿಭಾಗದ ದಾವೆಯಲ್ಲಿ ವಾದಪತ್ರದ ಜತೆ ವಂಶಾವಳಿಯ ಪಟ್ಟಿ ಇರಲೇಬೇಕು. ಮೇಲಿನ ನ್ಯಾಯಾಲಯದವರೆಗೆ ಹೋದ ವ್ಯಾಜ್ಯವಾದರೆ ಅಚ್ಚಾದ ತೀರ್ಪಿನ ವರದಿಯಲ್ಲೇ ವಂಶವೃಕ್ಷ ಬಿಡಿಸಿಟ್ಟಿರುತ್ತದೆ. ಅಣ್ಣತಮ್ಮಂದಿರು ಹೊಂದಿಕೊಂಡು ಬಾಳಿದ ಮನೆಯ ಇತಿಹಾಸ ಬರೆಯುವುದು ಕಷ್ಟ. ಮೂರು ತಲೆಮಾರು ಕೋರ್ಟು ಹತ್ತಿದ ಮನೆಯ ಇತಿಹಾಸ ಅಚ್ಚುಕಟ್ಟಾಗಿ ಸಿದ್ಧವಾಗಿರುತ್ತದೆ!

ಕ್ರಯ, ಭೋಗ್ಯ, ದಾನಪತ್ರಗಳ ಮಟ್ಟಿಗೆ ಸಬ್ ರಿಜಿಸ್ಟ್ರಾರ್ ಕಚೇರಿ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿ ಪತ್ರಗಳಿರುವ ಒಂದನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಉಯಿಲಿನ ಪುಸ್ತಕಕ್ಕೆ ಮಾತ್ರ ಕಟ್ಟಿದೆ. ಬರೆದವರು ಬದುಕಿರುವವರೆಗೆ ಇತರರಿಗೆ ಅದರ ನಕಲು ಕೊಡುವುದಿಲ್ಲ.

ಬಿನ್ ಮತ್ತು ಕೋಂ

ಹಳೆಯ ಮೈಸೂರಿನ ಯಾವ ಪತ್ರ ತೆಗೆದರೂ ಎರಡು ಪುಟ್ಟ ಪದಗಳು ಕಣ್ಣಿಗೆ ಬೀಳುತ್ತವೆ. ‘ತಿಮ್ಮಪ್ಪ ಬಿನ್ ರಂಗಪ್ಪ’ ಎಂದರೆ ರಂಗಪ್ಪನ ಮಗ ತಿಮ್ಮಪ್ಪ. ‘ಲಕ್ಷ್ಮಮ್ಮ ಕೋಂ ತಿಮ್ಮಪ್ಪ’ ಎಂದರೆ ತಿಮ್ಮಪ್ಪನ ಹೆಂಡತಿ ಲಕ್ಷ್ಮಮ್ಮ. ಬಿನ್ ಹಿಡಿದು ಹತ್ತಿದರೆ ಗಂಡಸರ ಏಣಿ ಒಂದೊಂದೇ ಮೆಟ್ಟಿಲು ಮೇಲೇರುತ್ತದೆ. ಕೋಂ ಸಿಗುವುದು ಅಪರೂಪ. ಸಿಕ್ಕಿದ ಕಡೆ ಹೆಚ್ಚಾಗಿ ಗಂಡ ತೀರಿಕೊಂಡಿರುತ್ತಾನೆ. ಖಾತೆಗೋ, ಮೈನರ್ ಮಗನ ಪರವಾಗಿ ರುಜು ಹಾಕುವುದಕ್ಕೋ ತಾಯಿ ಕಚೇರಿಗೆ ಬಂದಾಗ ಅವಳಿಗೊಂದು ಹೆಸರಿದೆ ಎಂದು ಸರ್ಕಾರಕ್ಕೆ ಗೊತ್ತಾಗುತ್ತದೆ. ಮುತ್ತೈದೆಯಾಗಿ ಸತ್ತ ಮುತ್ತಜ್ಜಿಯ ಹೆಸರು ದಫ್ತರದಲ್ಲಿ ಸಿಗುವ ಸಂಭವ ತೀರಾ ಕಡಿಮೆ. ಅವಳ ತವರಿನ ಊರಂತೂ ಇಲ್ಲವೇ ಇಲ್ಲ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾಯ್ದೆ ತಂದ ಮೇಲೆ ಪತ್ರಗಳಲ್ಲಿ ಹೆಂಗಸರಿಗೆ ಜಾಗವಾಗಲು ದಾರಿಯಾಯಿತು.

ಸ್ವಾತಂತ್ರ್ಯ ಬಂದ ಮೇಲೂ ಇದು ತಟ್ಟನೆ ಸರಿಹೋಗಲಿಲ್ಲ. 1951-52ರ ಮೊದಲ ಸಾರ್ವತ್ರಿಕ ಚುನಾವಣೆಗೆ ಮತದಾರರ ಪಟ್ಟಿ ತಯಾರಿಸುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಹಾಗೆ ಬರೆಸಿದವರನ್ನು ಪಟ್ಟಿಯಿಂದ ಕೈಬಿಡಲಾಯಿತು. ಇವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು.

ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಸಂತಾನ ಸಾಗುವುದು ತಾಯಿಯ ಕಡೆಯಿಂದ. ಹಳೆಯ ಕಾಗದದಲ್ಲಿ ಕುಟುಂಬದ ಯಜಮಾನನ ಹೆಸರಿನ ಕೆಳಗೆ ಬರುವವನು ಅವನ ಮಗನಲ್ಲ, ಸೋದರಳಿಯ. ಇದನ್ನು ತಿಳಿಯದೆ ಅಪ್ಪ-ಮಗ ಎಂದು ಜೋಡಿಸುತ್ತ ಹೋದರೆ ವಂಶವೃಕ್ಷ ಬುಡಮೇಲಾಗುತ್ತದೆ. ಕೊಡಗಿನಲ್ಲಿ ಹುಡುಕುವವರ ಕೆಲಸ ಸಲೀಸು. ಒಕ್ಕದ ಹೆಸರು ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ಬರುತ್ತದೆ, ಜಮ್ಮಾ ಭೂಮಿಯ ದಾಖಲೆಯೂ ಆ ಹೆಸರಿನಲ್ಲೇ ಇರುತ್ತದೆ.

ಎಣಿಸಿದರು, ಹೆಸರು ಉಳಿಸಲಿಲ್ಲ

ಇಂಗ್ಲೆಂಡಿನಲ್ಲಿ ವಂಶದ ಮೂಲ ಹುಡುಕುವವರಿಗೆ ಜನಗಣತಿಯೇ ಮೊದಲ ಆಸರೆ. ಅಲ್ಲಿ ನೂರು ವರ್ಷ ತುಂಬಿದ ಮೇಲೆ ಮನೆವಾರು ಹಾಳೆಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತಾರೆ. 1921ರ ಗಣತಿಯ ಹಾಳೆಗಳು 2022ರಲ್ಲಿ ಹೊರಬಂದವು. ಅಮೆರಿಕದಲ್ಲಿ 72 ವರ್ಷದ ಗಡುವು. 1950ರ ಗಣತಿ ಕೂಡ 2022ರಲ್ಲೇ ಬಯಲಾಯಿತು. ನಮ್ಮಲ್ಲಿ 1871ರಿಂದ ತಲೆ ಎಣಿಸುತ್ತ ಬಂದರೂ ಮನೆವಾರು ಹಾಳೆಗಳನ್ನು ಹಾಗೆ ಕಾಪಿಟ್ಟು ತೆರೆದಿಡುವ ಪದ್ಧತಿಯಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ವ್ಯಕ್ತಿಗಳ ವಿವರ ಯಾರ ಪರಿಶೀಲನೆಗೂ ದೊರೆಯುವಂತಿಲ್ಲ. ಉಳಿದಿರುವುದು ಮೊತ್ತಗಳು ಮಾತ್ರ.

ಆ ಮೊತ್ತಗಳೂ ಒಮ್ಮೊಮ್ಮೆ ಎದೆ ನಡುಗಿಸುತ್ತವೆ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ ಅದು 41,86,188. ನಡುವೆ ಬಂದದ್ದು 1876ರಿಂದ 1878ರವರೆಗಿನ ಭೀಕರ ಕ್ಷಾಮ, ಹಿರಿಯರ ಬಾಯಲ್ಲಿ ಧಾತು ಈಶ್ವರ ಬರ ಎಂದು ಉಳಿದಿದ್ದದ್ದು. ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಸಿಯಿತು. ಗಂಜಿಕೇಂದ್ರಗಳೆಷ್ಟು, ಅಕ್ಕಿ ರಾಗಿ ಎಷ್ಟು ಬಂತು, ಖರ್ಚೆಷ್ಟು ಎಂಬ ವರದಿಗಳು ದಪ್ಪ ದಪ್ಪ ಸಂಪುಟಗಳಲ್ಲಿವೆ. ಸತ್ತವರ ಹೆಸರಿನ ಪಟ್ಟಿ ಅವುಗಳಲ್ಲಿಲ್ಲ. ಎಷ್ಟೋ ಮನೆಗಳ ವಂಶದ ನೆನಪು ಅಜ್ಜನ ಅಜ್ಜನ ಹತ್ತಿರ ನಿಂತುಬಿಡುವುದಕ್ಕೆ ಆ ಎರಡು ವರ್ಷಗಳು ಕಾರಣವಿರಬಹುದು.

ಹುಟ್ಟು ಸಾವುಗಳ ನೋಂದಣಿಯೂ ದೇಶದಾದ್ಯಂತ ಕಡ್ಡಾಯವಾದದ್ದು 1969ರ ಕಾಯ್ದೆಯಿಂದ. ಅದಕ್ಕೆ ಮುಂಚೆ ಹಳ್ಳಿಯ ಹುಡುಗನಿಗೆ ಹುಟ್ಟಿದ ದಿನ ದಯಪಾಲಿಸುತ್ತಿದ್ದವರು ಶಾಲೆಯ ಮೇಷ್ಟ್ರು. ಜೂನ್ 1ರಂದು ಹುಟ್ಟಿದ ನಿವೃತ್ತ ನೌಕರರ ಸಂಖ್ಯೆ ನಮ್ಮಲ್ಲಿ ಏಕೆ ಅಷ್ಟೊಂದು ಎಂಬುದಕ್ಕೆ ಶಾಲೆಯ ದಾಖಲಾತಿ ವಹಿಯೇ ಉತ್ತರ.

ಜಮೀನಿಲ್ಲದವರ ಪಾಡಂತೂ ಹೇಳತೀರದು. ಗೇಣಿದಾರ ಎಷ್ಟು ತಲೆಮಾರು ಉತ್ತರೂ ಕಾಗದದಲ್ಲಿದ್ದವನು ಒಡೆಯ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಬಹುದು ಎಂದಾಗ ಲಕ್ಷಾಂತರ ಮನೆಗಳು ಅರ್ಜಿ ಬರೆದುಕೊಟ್ಟವು. ಭೂನ್ಯಾಯ ಮಂಡಳಿಯ ಮುಂದೆ ಆ ಗೇಣಿದಾರರು ಕೊಟ್ಟ ಹೇಳಿಕೆಗಳಲ್ಲಿ ತಂದೆ ಯಾವಾಗಿನಿಂದ ಉಳುತ್ತಿದ್ದ, ಗೇಣಿ ಎಷ್ಟು ಅಳೆಯುತ್ತಿದ್ದ ಎಂಬ ವಿವರಗಳಿವೆ. ಎಷ್ಟೋ ಬಡ ಮನೆತನಗಳಿಗೆ ಅದೇ ಮೊದಲ ಲಿಖಿತ ಇತಿಹಾಸ. ಅಷ್ಟೂ ಇಲ್ಲದ ಕೂಲಿಯವರ ಹೆಸರು ಆಗಲೂ ಬರಲಿಲ್ಲ.

ಧಾತು ಎಂದರೆ ಯಾವ ವರ್ಷ?

ಕಾಗದ ಸಿಕ್ಕಿದ ಮಾತ್ರಕ್ಕೆ ಓದಲು ಬರುತ್ತದೆಂದಲ್ಲ. ಶಾನುಭೋಗರ ಮೋಡಿ ಬರಹದಲ್ಲಿ ಕೈ ಎತ್ತದೆ ಎಳೆದ ಅಕ್ಷರಗಳಿಗೆ ತಲೆಕಟ್ಟು, ಒತ್ತುಗಳ ಗೊಡವೆಯಿಲ್ಲ. ಧಾರವಾಡದ ಕಡೆಯ ಹಳೆಯ ಲೆಕ್ಕ ಮರಾಠಿ ಮೋಡಿಯಲ್ಲಿ, ಕಲಬುರ್ಗಿಯದು ಪಾರ್ಸಿ, ಆಮೇಲೆ ಉರ್ದುವಿನಲ್ಲಿ. ಹೈದರಾಬಾದ್ ಸೀಮೆಯವರಿಗೆ ಸೇತ್ವಾರ್, ಖಾಸ್ರಾ ಪಹಣಿ ಎಂಬ ಹೆಸರುಗಳ ಪರಿಚಯವಿರಬೇಕು.

ತಾರೀಖಿನದು ಇನ್ನೊಂದು ಕಗ್ಗಂಟು. ಮದ್ರಾಸ್ ಪ್ರಾಂತದ ಕಂದಾಯದ ಕಾಗದದಲ್ಲಿ ಫಸಲಿ ವರ್ಷವಿದ್ದರೆ ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಫಸಲಿ 1300 ಎಂದರೆ 1890-91. ಮನೆಯ ಕಾಗದಗಳಲ್ಲಿ ಹಲವು ವೇಳೆ ಸಂವತ್ಸರದ ಹೆಸರಷ್ಟೇ ಇರುತ್ತದೆ. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಧಾತು ಎಂದರೆ 1816 ಇರಬಹುದು, 1876 ಇರಬಹುದು, 1936 ಕೂಡ ಇರಬಹುದು. ಇದರ ಜತೆಗೆ ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಪದ್ಧತಿಯನ್ನು ಸೇರಿಸಿಕೊಳ್ಳಬೇಕು. ರಂಗಪ್ಪನ ಮಗ ತಿಮ್ಮಪ್ಪ, ತಿಮ್ಮಪ್ಪನ ಮಗ ಮತ್ತೆ ರಂಗಪ್ಪ. ಎರಡು ತಲೆಮಾರೆಂದರೆ ಹೆಚ್ಚು ಕಡಿಮೆ ಅರುವತ್ತು ವರ್ಷವೇ ಆಯಿತು. ಒಂದೇ ಊರು, ಒಂದೇ ಹೆಸರು, ಒಂದೇ ಸಂವತ್ಸರ! ಕಾಗದದಲ್ಲಿರುವವನು ಅಜ್ಜನೋ ಮೊಮ್ಮಗನೋ ಎಂದು ಬಗೆಹರಿಸಲು ಅಕ್ಕಪಕ್ಕದ ಚೆಕ್ಕುಬಂದಿಯವರ ಹೆಸರು, ಸಾಕ್ಷಿ ಹಾಕಿದವರ ಹೆಸರುಗಳ ಮೊರೆ ಹೋಗದೆ ಗತಿಯಿಲ್ಲ.

ಮನೆಯಲ್ಲೇ ಕುಳಿತು ನೋಡುವ ಸೌಲಭ್ಯ ಸ್ವಲ್ಪ ಸ್ವಲ್ಪವಾಗಿ ಬರುತ್ತಿದೆ. 1891ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ರಾಷ್ಟ್ರೀಯ ಪತ್ರಾಗಾರ 2015ರಲ್ಲಿ ‘ಅಭಿಲೇಖ ಪಟಲ’ ಎಂಬ ಜಾಲತಾಣ ತೆರೆದು ತನ್ನ ಸೂಚಿಗಳನ್ನೂ ಕಡತಗಳ ಪ್ರತಿಗಳನ್ನೂ ಅದರಲ್ಲಿ ಇಡತೊಡಗಿತು. ರಾಜ್ಯದ ತಾಲ್ಲೂಕು ಕಚೇರಿಗಳ ರೆಕಾರ್ಡು ಕೋಣೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ 2024ರಲ್ಲಿ ಆರಂಭವಾಯಿತು. ಕಾಗದ ಉದುರುವ ವೇಗ, ಸ್ಕ್ಯಾನ್ ಆಗುವ ವೇಗ ಇವೆರಡರ ನಡುವಿನ ಪಂದ್ಯವಿದು.

ಹಡಗಿನ ಪಟ್ಟಿ

ಊರಿನಲ್ಲೇ ಉಳಿದ ಬಡವನಿಗೆ ಸಿಗದ ದಾಖಲೆ ಊರು ಬಿಟ್ಟು ಸಮುದ್ರ ದಾಟಿದ ಬಡವನಿಗೆ ಸಿಕ್ಕಿತೆಂಬುದು ಪತ್ರಾಗಾರಗಳ ಅತಿ ವಿಚಿತ್ರ ಸಂಗತಿ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರಿನ ಕೂಲಿಗಳನ್ನು ಸಾಗಿಸಲಾಯಿತು. 1834ರ ನವೆಂಬರಿನಲ್ಲಿ ‘ಅಟ್ಲಾಸ್’ ಹಡಗಿನಲ್ಲಿ 36 ಮಂದಿ ಮಾರಿಷಸ್ ತಲುಪಿದರು. ಮುಂದೆ ಅಲ್ಲಿಗೆ ಹೋದವರು ನಾಲ್ಕೂವರೆ ಲಕ್ಷದಷ್ಟು. ದಕ್ಷಿಣ ಆಫ್ರಿಕದ ನಟಾಲಿಗೆ ಮೊದಲ ಹಡಗು ‘ಟ್ರೂರೊ’ ಮದ್ರಾಸಿನಿಂದ ಹೊರಟು 1860ರ ನವೆಂಬರ್ 16ರಂದು ಮುಟ್ಟಿತು. 1911ರವರೆಗೆ ಅಲ್ಲಿಗೆ ಹೋದವರು 1,52,184.

ಕೂಲಿಗೆ ಹಣ ಕೊಟ್ಟು ತರಿಸುವ ತೋಟದ ಮಾಲೀಕನಿಗೆ ತಾನು ತರಿಸಿದವನನ್ನು ಗುರುತಿಸುವುದು ಮುಖ್ಯವಾಗಿತ್ತು. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಊರು, ಎತ್ತರ, ಮೈಮೇಲಿನ ಮಚ್ಚೆ ಗಾಯಗಳ ಗುರುತು ಎಲ್ಲವೂ ನಟಾಲಿನ ಪಟ್ಟಿಯಲ್ಲಿವೆ. ಹೆಂಗಸರೂ ತಮ್ಮ ಸ್ವಂತ ಹೆಸರು, ಸ್ವಂತ ಸಂಖ್ಯೆಯೊಂದಿಗೆ ಅದರಲ್ಲಿದ್ದಾರೆ. ಮಾರಿಷಸ್‌ನಲ್ಲಿ 1860ರ ದಶಕದಿಂದ ಛಾಯಾಚಿತ್ರ ತೆಗೆಯುವ ಪದ್ಧತಿಯೂ ಬಂತು. ಮೋಕಾ ಎಂಬಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ಆ ವಹಿಗಳಿವೆ. ನಟಾಲಿನ ಹಡಗು ಪಟ್ಟಿಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ಇತಿಹಾಸಕಾರ ಸುರೇಂದ್ರ ಭಾನಾ 1902ರವರೆಗಿನ 95,382 ಜನರ ವಿವರಗಳನ್ನು ಲೆಕ್ಕ ಹಾಕಿದ್ದಾರೆ. ಮದ್ರಾಸಿನಿಂದ ಹೊರಟವರಲ್ಲಿ ತಮಿಳರು, ತೆಲುಗರು ಹೆಚ್ಚು. ಅವರ ನಡುವೆ ಜಿಲ್ಲೆಯ ಕಾಲಮ್ಮಿನಲ್ಲಿ ಮೈಸೂರು, ಬೆಂಗಳೂರು ಎಂದು ಬರೆಸಿದವರೂ ಸಿಗುತ್ತಾರೆ. ಅದೇ ಕಾಲದಲ್ಲಿ ಬಯಲುಸೀಮೆಯಿಂದ ಘಟ್ಟ ಹತ್ತಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಕೂಲಿಗೆ ಹೋದವರ ಇಂಥ ಪಟ್ಟಿ ಯಾವ ಪತ್ರಾಗಾರದಲ್ಲೂ ಇಲ್ಲ. ಅವರು ದಾಟಿದ್ದು ಸಮುದ್ರವಲ್ಲವಲ್ಲ!

ಈ ಪಟ್ಟಿಗಳಿಗೆ ಈಚೆಗೆ ಹೊಸ ಬೆಲೆ ಬಂದಿದೆ. 2017ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರವಾಸಿ ಭಾರತೀಯ ದಿವಸದಲ್ಲಿ, ಕರಾರಿನ ಕೂಲಿಗಳಾಗಿ ಹೋದವರ ಸಂತತಿಗೆ ಸಾಗರೋತ್ತರ ಭಾರತೀಯ ಪೌರತ್ವದ ಕಾರ್ಡು ಸಿಗುವಂತೆ ಮಾಡುವುದಾಗಿ ಕೇಂದ್ರ ಸರ್ಕಾರ ಹೇಳಿತು. 2024ರ ಮಾರ್ಚಿನಲ್ಲಿ ಮಾರಿಷಸ್‌ನವರಿಗೆ ಏಳನೆಯ ತಲೆಮಾರಿನವರೆಗೂ ಈ ಸೌಲಭ್ಯ ವಿಸ್ತರಿಸುವ ವಿಶೇಷ ಅವಕಾಶವನ್ನು ಪ್ರಕಟಿಸಲಾಯಿತು. ಏಳು ತಲೆಮಾರು ತೋರಿಸಬೇಕಾದರೆ ಆಧಾರ ಆ ಹಳೆಯ ವಹಿಯ ಸಂಖ್ಯೆಯೇ.

ಸಂಖ್ಯೆಯಿಂದ ಊರಿನ ಹೆಸರಿನವರೆಗೆ ಬರಬಹುದು. ಬಂದರಿನ ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ ಆ ಹೆಸರು ಯಾವ ಊರಿನದೆಂದು ಸರ್ವೆ ನಕ್ಷೆ ಹರಡಿಕೊಂಡು ಊಹಿಸಬೇಕು. ಊಹೆ ಸರಿಯಾಗಿ ಊರು ಸಿಕ್ಕಿದರೂ ಅಲ್ಲಿಂದ ಮುಂದಕ್ಕೆ ದಾರಿ ಸಾಗುವುದು ಕಷ್ಟ. ಊರಿನ ಕಂದಾಯದ ವಹಿಯಲ್ಲಿ ಹೊಲವಿದ್ದವರ ಹೆಸರಿದೆ. ಹಡಗು ಹತ್ತಿದವನಿಗೆ ಹೊಲ ಇರಲಿಲ್ಲ.